ಗುಡ್ಡದ ಬುಡಕ್ಕೆ ಕಲ್ಲು

ಜೂನ್ 24, 1981
ಕ್ಯಾಂಪ್, ಬೆಳಗಾವಿ

ನಿನ್ನೆ ಮಧ್ಯಾಹ್ನ ಖಾನಾಪುರದ ಆಚೆ ಕಾಲುವೆಯ ಕೆಲಸದಲ್ಲಿ ಗುಡ್ಡ ಜರಿದು ಬಿದ್ದಿದೆ. ನಮ್ಮ ಮನೆಯವರು ಓಡಿಸುವ, ಮಣ್ಣು ತಳ್ಳುವ ಡೋಜರ್ ಅದರ ಕೆಳಗಿದೆ. ಇವರೂ ಅದರ ಕೆಳಗಿದ್ದಾರೆ ಎಂದು ಕೆಲವರು, ಇಲ್ಲ ಎಂದು ಕೆಲವರು. ಸುದ್ದಿ ತಂದವನು ಸತ್ಯಪ್ಪ, ಅದೇ ಗಾಡಿಯ ಮೇಲೆ ಇನ್ನೊಂದು ಪಾಳಿ ಮಾಡುವವನು. ಹೊಸ್ತಿಲ ಹೊರಗೇ ನಿಂತು, ನೆನೆದ ಟೊಪ್ಪಿಗೆ ಹಿಂಡುತ್ತ, “ವೈನಿ, ಸಮದಣ್ಣಾ...” ಎಂದು ಅಷ್ಟಕ್ಕೇ ನಿಲ್ಲಿಸಿದ.

ನಾನು ಒಳಗೆ ಹೋಗಿ ಅವನಿಗೆ ಮೈ ಒರೆಸಿಕೊಳ್ಳಲು ಟವೆಲ್ ತಂದು ಕೊಟ್ಟೆ. ಒಲೆಯ ಮೇಲೆ ಅನ್ನ ಬೇಯುತ್ತಿತ್ತು, ಇಳಿಸಿದೆ. ಅತ್ತೆಯನ್ನು ಎಬ್ಬಿಸಿದೆ. ಮಾಡಬೇಕಾದ್ದನ್ನೆಲ್ಲ ಮಾಡಿದೆ, ಅಳುವುದೊಂದನ್ನು ಬಿಟ್ಟು.

ಇದನ್ನು ಕನ್ನಡದಲ್ಲಿ ಬರೆಯಲು ಕಾರಣವಿದೆ. ನಮ್ಮ ಮನೆಮಾತು ದಖನಿ. ಅತ್ತೆಯೂ ಮೈದುನ ಇಸಾಕನೂ ಉರ್ದು ಕಲಿತವರು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬಾರದು. ಕನ್ನಡ ಶಾಲೆಯಲ್ಲಿ ಓದಿ, ಕನ್ನಡ ಶಾಲೆಯಲ್ಲೇ ಮೂರನೆಯ ಇಯತ್ತೆಗೆ ಪಾಠ ಹೇಳುವವಳು ಈ ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ಇಲ್ಲಿ ಏನು ಬರೆದರೂ ಕೇಳುವವರಿಲ್ಲ. ಬರೆಯಲು ಏನೂ ತೋಚುತ್ತಿಲ್ಲ ಎನ್ನುವುದು ಬೇರೆ ಮಾತು.

ಜೂನ್ 27

ಇಸಾಕನೊಂದಿಗೆ ರೈಲಿನಲ್ಲಿ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಹಲಸಿ ರಸ್ತೆಯ ಮೇಲೆ ಕಲ್ಲಿನ ಲಾರಿ ಹತ್ತಿದೆವು. ಇವರು ಅಲ್ಲಿ ವರ್ಷಗಟ್ಟಲೆ ದುಡಿದರೂ ನಾನು ಆ ಜಾಗ ಕಂಡದ್ದು ಇದೇ ಮೊದಲು. ಗುಡ್ಡದ ಆಚೆಯ ಹೊಳೆಯ ನೀರನ್ನು ಈಚೆ ತರಲು ಗುಡ್ಡವನ್ನೇ ನೆತ್ತಿಯಿಂದ ಬುಡದವರೆಗೆ ಸೀಳುತ್ತಿದ್ದಾರೆ. ಆ ಸೀಳಿನ ಒಂದು ಬದಿ ಈಗ ಇಲ್ಲ. ಇಳಿದು ಬಂದು ಕಾಲುವೆಯ ನಡುವೆ ಕೂತಿದೆ. ಅದರ ಮೇಲೆ ಒಂದು ಗೇರುಮರ ನೆಟ್ಟಗೆ ನಿಂತಿದೆ, ಅಲ್ಲೇ ಹುಟ್ಟಿ ಬೆಳೆದದ್ದರ ಹಾಗೆ. ನಾನು ಬಹಳ ಹೊತ್ತು ಆ ಮರವನ್ನೇ ನೋಡಿದೆ.

ಸತ್ಯಪ್ಪ ಹೇಳಿದ: “ನಾ ಚಾ ಕುಡ್ಯಾಕ ಹೋಗಿದ್ನಿರಿ ವೈನಿ. ಗಾಡಿ ಸಪ್ಪಳ ಕೇಳಾಕತ್ತಿತ್ತು. ಒಮ್ಮಿಂದೊಮ್ಮೆಲೆ ಕೇಳದಂಗ ಆತು. ತಿರುಗಿ ನೋಡ್ತೀನಿ, ಗುಡ್ಡ ನಡಕೋತ ಬಂದು ಕುಂತೈತಿ.”

“ಅವರನ್ನ ನೋಡಿದ್ರೇನ್ರಿ?”

“ಇಲ್ರಿ. ಸುಳ್ಳ ಯಾಕ ಹೇಳ್ಲಿ. ಮಣ್ಣ ನೋಡಿದ್ನಿ.”

ಇಂಜಿನಿಯರ್ ಸಾಹೇಬರು ಮೈಸೂರು ಕಡೆಯವರು, ನನಗಿಂತ ಚಿಕ್ಕವರಿರಬೇಕು. ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು ತಾವು ನೆನೆಯುತ್ತ ವಿವರಿಸಿದರು. “ನೋಡಿಯಮ್ಮಾ, ಮೇಲಿನ ಕೆಂಪು ಮಣ್ಣು ಗಟ್ಟಿಯಾಗಿದೆ. ಅದರ ಕೆಳಗೆ ಜಿಗುಟು ಮಣ್ಣಿನ ಪದರ ಇದೆ. ಮಳೆ ನೀರು ಅಲ್ಲಿಗೆ ಇಳಿದರೆ ಸಾಬೂನು. ನಾವು ಕಾಲುವೆಗೆ ಅಂತ ಬುಡ ಕಡಿದೆವು, ಮೇಲಿನದಕ್ಕೆ ಆಸರೆ ತಪ್ಪಿತು.” ಪಾಠ ಚೆನ್ನಾಗಿ ಹೇಳಿದರು. ನನಗೆ ಅರ್ಥವಾಯಿತು. ಮಣ್ಣು ತೆಗೆಯಲು ಎರಡು ದೊಡ್ಡ ಯಂತ್ರ ಹಚ್ಚಿದ್ದಾರೆ.

ಇವರಿಗೆಂದು ಒಣ ಬಟ್ಟೆ ಒಯ್ದಿದ್ದೆ. ಹಾಗೇ ವಾಪಸ್ ತಂದೆ. ಬೇಕಾದಾಗ ಸಿಗಲಿ ಎಂದು ಟ್ರಂಕಿನಲ್ಲಿ ಇಡದೆ ಮೇಲೆಯೇ ಇಟ್ಟಿದ್ದೇನೆ.

ಜುಲೈ 1

ಶಾಲೆಗೆ ಹೋದೆ. ಬಂದೆ.

ಜುಲೈ 5

ಇಂದಿನಿಂದ ರಂಜಾನಿನ ಉಪವಾಸ, ರೋಜಾ. ಬೆಳಗಿನ ಜಾವ ಸೆಹರಿಗೆ ಅತ್ತೆ ಇವರ ಪಾಲಿನ ರೊಟ್ಟಿಯನ್ನೂ ತಟ್ಟಿದರು. ಕಾಲುವೆಯ ಕೂಲಿಗಳ ಮೇಲಿನ ಮುಕಾದಮ ಒಂದು ಸುದ್ದಿ ಹಬ್ಬಿಸಿದ್ದಾನೆ. ಸಮದ ಗಾಡಿಯಿಂದ ಜಿಗಿದು ಹಳ್ಳ ಹಿಡಿದು ಓಡಿದನಂತೆ, ಗುಡ್ಡದ ಮೇಲಿನ ವಾಡಿಯವರು ಯಾರೋ ನೋಡಿದರಂತೆ, ಹೆದರಿ ಗೋವಾದ ಕಡೆ ಹೋಗಿರಬೇಕಂತೆ. ಮಳೆಗಾಲದಲ್ಲಿ ಅಗೆಯುವ ಕಾಟ ತಪ್ಪಿದರೆ ಸಾಕು ಎಂದು ಹೀಗೆ ಹೇಳುತ್ತಾನೆ ಎಂದು ಇಸಾಕನಿಗೆ ಸಿಟ್ಟು. ಅತ್ತೆ ಮಾತ್ರ ಆ ಸುದ್ದಿಯನ್ನು ತಾಯಿತದ ಹಾಗೆ ಕಟ್ಟಿಕೊಂಡಿದ್ದಾರೆ.

“ಅಗೀಲಿ, ಚಂದಾಗಿ ಅಗೀಲಿ,” ಅನ್ನುತ್ತಾರೆ. “ಅಲ್ಲಿ ಅವ ಇಲ್ಲ ಅನ್ನೂದು ಎಲ್ಲಾರಿಗೂ ತಿಳೀಲಿ.”

ಇಸಾಕನೂ ಅಗೆಯಲಿ ಎನ್ನುತ್ತಾನೆ. ಅವನ ಕಾರಣ ಬೇರೆ. ಅಣ್ಣನ ಮೈಗೆ ನೀರು ಹಾಕಬೇಕು, ಕಫನ್ ಹೊದಿಸಬೇಕು, ನಮಾಜು ಆಗಬೇಕು, ಮಣ್ಣು ಕೊಡಬೇಕು. ಒಬ್ಬರು ಸಿಗಬಾರದೆಂದು, ಒಬ್ಬರು ಸಿಗಬೇಕೆಂದು ಒಂದೇ ಮಣ್ಣನ್ನು ತೆಗೆಸುತ್ತಿದ್ದಾರೆ.

ಮಸೀದಿಯ ಹಜರತರನ್ನು ಇಸಾಕ ಕೇಳಿದ. ದೇಹ ಸಿಕ್ಕಿಲ್ಲ, ಮಣ್ಣಿನಡಿ ಹೋದದ್ದನ್ನು ಕಂಡವರಿಲ್ಲ. ಕಂಡವರು ಒಬ್ಬರಾದರೂ ಬೇಕು, ಅಲ್ಲಿಯವರೆಗೆ ನಮಾಜು ಇಲ್ಲ, ನನಗೆ ಇದ್ದತ್ತೂ ಇಲ್ಲ ಎಂದರು. ಗಂಡ ತೀರಿದ ಮೇಲೆ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂರುತ್ತಾಳೆ. ನಾನು ಕೂರುವ ಹಾಗಿಲ್ಲ, ಏಳುವ ಹಾಗಿಲ್ಲ. ಹಾಜರಿ ಕರೆಯುವಾಗ ಬಾರದ ಹುಡುಗರಿಗೂ ಒಂದು ಗುರುತು ಹಾಕುತ್ತೇವೆ. ಇವರಿಗೆ ಅದೂ ಇಲ್ಲ.

ಜುಲೈ 11

ಡೋಜರಿನ ಹಿಂಬದಿ ಕಂಡಿತಂತೆ. ಸತ್ಯಪ್ಪ ಕೈಯಿಂದಲೇ ಕೆಸರು ಸರಿಸಿ ಮುಟ್ಟಿದನಂತೆ. ಇನ್ನೊಂದಿಷ್ಟು ತೆಗೆದರೆ ಸೀಟು ಎನ್ನುವಾಗ ಮೇಲಿನಿಂದ ಮತ್ತೆ ಜರಿಯಿತು. ಎಲ್ಲರೂ ಓಡಿ ಪಾರಾದರು. ತೆಗೆದದ್ದಕ್ಕಿಂತ ಹೆಚ್ಚು ಬಂದು ತುಂಬಿತು. ಗೇರುಮರವೂ ಈಗ ಮಲಗಿದೆಯಂತೆ.

ಇದನ್ನು ಹೇಳಿ ಇಸಾಕ ಕೈಕಾಲು ತೊಳೆಯದೆ ಕೂತು ಅತ್ತ. ನಾನು ಅವನ ಮುಂದೆ ಖರ್ಜೂರದ ತಟ್ಟೆ ಇಟ್ಟೆ. ನನಗೂ ಏನಾದರೂ ಅನ್ನಿಸಬೇಕಿತ್ತು. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚುತ್ತಾರಲ್ಲ, ಹಾಗೆ ಆಗಿದೆ. ನನ್ನ ಕೆನ್ನೆ ಅಂತ ಗೊತ್ತು, ಅಷ್ಟೇ.

ಜುಲೈ 18

ಇವತ್ತು ಗಾದೆಗಳ ಪಾಠ. ಹಲಗೆಯ ಮೇಲೆ ಒಂದೊಂದೇ ಬರೆಯುತ್ತ ಹೋದೆ. ಬೆಟ್ಟ ಅಗೆದು ಇಲಿ ಹಿಡಿದರು. ಬರೆದು ತಿರುಗಿದರೆ ಎಂದೂ ಬಾಯಿ ಮುಚ್ಚದ ಮಕ್ಕಳು ನೆಲ ನೋಡುತ್ತಿದ್ದರು. ಮನೆಯಲ್ಲಿ ಮಾತಾಡಿಕೊಂಡಿದ್ದಾರೆ, ಕೇಳಿಸಿಕೊಂಡಿದ್ದಾರೆ.

ನಾನು ಅರ್ಥ ಹೇಳಿದೆ. ಕಷ್ಟ ದೊಡ್ಡದು, ಫಲ ಸಣ್ಣದು. ವಾಕ್ಯದಲ್ಲಿ ಬಳಸಿ ಎಂದೆ. ಯಾರೂ ಬಳಸಲಿಲ್ಲ. ಮುಂದಿನ ಗಾದೆಗೆ ಹೋದೆ.

ಜುಲೈ 23

ಶಾಲೆಗೆ ರಜೆ ಹಾಕಿ ಒಬ್ಬಳೇ ಹೋದೆ. ಕೆಳಗೆ ಯಂತ್ರಗಳು ಕಿರುಗುಟ್ಟುತ್ತಿದ್ದವು. ನೋಡಲು ಮನಸ್ಸಾಗಲಿಲ್ಲ. ಮೇಲಿನ ವಾಡಿಗೆ ಹತ್ತಿದೆ. ಇವರು ಓಡಿದ್ದನ್ನು ಕಂಡವರು ಯಾರು ಎಂದು ಕೇಳಬೇಕಿತ್ತು.

ವಾಡಿ ಅಂದರೆ ಬೆರಳೆಣಿಕೆಯ ಮನೆಗಳು. ಗುಡ್ಡದ ಅಂಚಿಗೆ ಮೊದಲನೆಯದು ಪದ್ಮವ್ವನದು. ವಯಸ್ಸು ಅತ್ತೆಯಷ್ಟೇ. ಎರಡು ಎಮ್ಮೆ, ಒಬ್ಬ ಸೊಸೆ, ಸೊಸೆಯ ಮಗ್ಗುಲಲ್ಲಿ ಹಸುಗೂಸು. ಮಗ ಸಾಂಬ್ರಾದಲ್ಲಿ ಕೆಲಸಕ್ಕಿದ್ದಾನಂತೆ. ನಾನು ಹೋದಾಗ ಪದ್ಮವ್ವ ಗೋಡೆಯ ಬಿರುಕಿಗೆ ಸಗಣಿ, ಹುಲ್ಲು ಕಲಸಿ ತುಂಬುತ್ತಿದ್ದಳು. ನಾನು ಯಾರೆಂದು ಹೇಳಿದ ಮೇಲೆ ಕೈ ತೊಳೆದು ಕಂಬಳಿ ಹಾಸಿದಳು.

“ಕುಂದರ್ರಿ ಬಾಯಾರ. ದಿನಾ ಮುಂಜಾನೆ ತುಂಬೂದ ಒಂದ ಕೆಲಸಾಗೇತಿ. ಕೆಳಗ ಅವರು ತಗೀತಾರ, ಇಲ್ಲಿ ಇದು ಬಾಯಿ ತಗೀತೈತಿ.”

ದೂರಿನ ದನಿಯೇ ಇರಲಿಲ್ಲ. ಮಳೆ ಬಂತು ಅನ್ನುವ ಹಾಗೆ ಹೇಳಿದಳು. ಮಜ್ಜಿಗೆ ಕೊಡಲು ಬಂದಾಗ ರೋಜಾ ಎಂದೆ. “ಹೌದಲ್ಲಾ, ಅವನೂ ಹ್ವಾದ ವರ್ಷ ರೋಜಾದಾಗ ಮುಟ್ಟತಿದ್ದಿಲ್ಲ. ಉಳದಾಗೆಲ್ಲ ಊಟ ಆತಂದ್ರ ಇಲ್ಲೇ ಹಾಜರ್. ಮಜ್ಜಿಗಿಗೆ ಉಪ್ಪ ಹಾಕು ಅವ್ವಾ, ಇನ್ನೊಂದೀಟ ಹಾಕು ಅಂತಿದ್ದ. ನಮ್ಮ ಮನ್ಯಾಕಿ ಕೈಯಾಗ ಉಪ್ಪ ಕಡಿಮಿ ಅಂತಿದ್ದ.”

ಕೇಳಬೇಕಾದ್ದನ್ನು ಕೇಳಲಿಲ್ಲ. ಓಡಿದ ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ಇಳಿದು ಬಂದೆ.

ಹೌದಾ? ನನ್ನ ಕೈಯಲ್ಲಿ ಉಪ್ಪು ಕಡಿಮೆಯಾ? ಮದುವೆಯಾಗಿ ಒಂಬತ್ತು ವರ್ಷ ಎದುರಿಗೆ ಕೂತು ತಟ್ಟೆ ಬಳಿದು ಉಂಡು, ಒಂದು ದಿನ ಬಾಯಿ ಬಿಡದೆ, ಗುಡ್ಡದ ಮೇಲಿನ ಮುದುಕಿಗೆ ಹೋಗಿ ಹೇಳುವುದಾ? ರೈಲಿನಲ್ಲಿ ಬರುವಾಗ ಉದ್ದಕ್ಕೂ ಇದೇ. ಸಿಟ್ಟಿಗೆ ನನ್ನ ಕಿವಿ ಬಿಸಿಯಾಗಿತ್ತು.

ಜುಲೈ 24

ಇಫ್ತಾರಿನ ಗಂಜಿ ಉಪ್ಪಾಗಿದೆ ಎಂದು ಅತ್ತೆ ಮುಖ ಕಿವುಚಿದರು. ಇರಲಿ.

ಜುಲೈ 29

ಮೂರನೆಯ ಸಲ ಜರಿದಿದೆ. ಈ ಬಾರಿ ಮೇಲಿನ ಅಂಚೇ ಹೋಯಿತು. ಪದ್ಮವ್ವನ ಎಮ್ಮೆಯ ಕೊಟ್ಟಿಗೆ ಅರ್ಧ ಹೋಗಿ, ಒಂದು ಎಮ್ಮೆ ಕೆಳಗೆ ಬಿತ್ತು, ಉಳಿಯಲಿಲ್ಲ. ಬಿರುಕಿನ ಗೋಡೆ ಇನ್ನೂ ನಿಂತಿದೆ ಎಂದ ಸತ್ಯಪ್ಪ. ಕೂಸು ಆ ಗೋಡೆಯ ಪಕ್ಕದಲ್ಲೇ ಮಲಗಿರುತ್ತಿತ್ತು.

ಇಂಜಿನಿಯರ್ ಸಾಹೇಬರು ಇಸಾಕನನ್ನು ಕರೆದು ಹೇಳಿದರಂತೆ: ಅಗೆದಷ್ಟೂ ಬರುತ್ತದೆ, ಇದಕ್ಕೆ ಮದ್ದು ಒಂದೇ. ಅಗೆತ ನಿಲ್ಲಿಸಿ ಬುಡಕ್ಕೆ ಕಲ್ಲು ಪೇರಿಸಬೇಕು. ಆ ಭಾರಕ್ಕೆ ಗುಡ್ಡ ನಿಲ್ಲುತ್ತದೆ, ವಾಡಿ ಉಳಿಯುತ್ತದೆ. ಆದರೆ ಕಲ್ಲು ಬಿದ್ದ ಮೇಲೆ ಸಮದನನ್ನು ಎಂದಿಗೂ ತೆಗೆಯಲಾಗದು. ಮನೆಯವರು ಒಂದು ಮಾತು ಹೇಳದೆ ನಾನು ಹಾಕಿಸಲಾರೆ, ಅವರ ಹೆಂಡತಿಯನ್ನು ಕೇಳಿ ಎಂದರಂತೆ.

“ಭಾಭಿ ಏನ್ ಹೇಳ್ತಾರ? ಅಗೀರಿ ಅಂತಾರ,” ಎಂದು ಇಸಾಕ ಅಲ್ಲೇ ಉತ್ತರ ಕೊಟ್ಟು ಬಂದಿದ್ದಾನೆ. ಮನೆಗೆ ಬಂದು ನನ್ನನ್ನು ಕೇಳಿದ. ನಾನು ಅಕ್ಕಿ ಆರಿಸುತ್ತಿದ್ದೆ. ಹೂಂ ಎಂದಿರಬೇಕು.

ಆ ಕೊಟ್ಟಿಗೆಯ ಬಾಗಿಲಲ್ಲಿ ತಾಮ್ರದ ಒಂದು ಗಂಟೆ ಕಟ್ಟಿದ್ದರು. ಅದು ಏನಾಯಿತೋ.

ಆಗಸ್ಟ್ 3

ಈದ್. ಅತ್ತೆ ಪೇಟೆಯಿಂದ ಹಸಿರು ಬಳೆ ತಂದು, ತಾವೇ ನನ್ನ ಕೈ ಹಿಸುಕಿ ತೊಡಿಸಿದರು. “ಮಗ ಬಂದು ನಿನ್ನ ಬೋಳುಗೈ ನೋಡಿದ್ರ ನನ್ನನ್ನ ಬಿಡ್ತಾನೇನು?” ಎಂದರು. ನೆರೆಯವರು ಶೀರ್‌ಖುರ್ಮಾ ಕುಡಿಯುತ್ತ ನನ್ನ ಕೈಯನ್ನೇ ನೋಡುತ್ತಿದ್ದರು. ಬಳೆ ಬಿಗಿಯಾಗಿದೆ. ಬರೆಯುವಾಗ ಮೇಜಿಗೆ ತಾಗಿ ಸದ್ದಾಗುತ್ತದೆ.

ಆಗಸ್ಟ್ 6

ಇಂದಿನದನ್ನು ಇಂದೇ ಬರೆದಿಡಬೇಕು.

ಹಬ್ಬಕ್ಕೆಂದು ನಿಂತ ಅಗೆತ ಇನ್ನೂ ಶುರುವಾಗಿರಲಿಲ್ಲ. ಇಸಾಕ ಜಗಳಕ್ಕೆ ಹೊರಟ. ಅತ್ತೆ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. “ನಾನೂ ಬರ್ತೀನಿ. ಅವ ಓಡಿದ್ದನ್ನ ನೋಡಿದಾಕಿ ಪದ್ಮವ್ವ ಅಂತ ಇದ್ದಾಳಂತ. ಮುಕಾದಮ ಹೆಸರು ಹೇಳ್ಯಾನ. ಆಕಿ ಬಾಯಿಂದ ಕೇಳ್ತೀನಿ.” ಮೂವರೂ ಹೋದೆವು.

ಇಸಾಕ ಕೆಳಗೆ ಸಾಹೇಬರ ಬಳಿ ಉಳಿದ. ಗುಡ್ಡ ಹತ್ತುವಾಗ ಅತ್ತೆ ನನ್ನ ಹೆಗಲು ಹಿಡಿದು ಮೂರ್ನಾಲ್ಕು ಕಡೆ ಕೂತರು. ಪದ್ಮವ್ವ ಅದೇ ಕಂಬಳಿ ಹಾಸಿದಳು. ಇಬ್ಬರು ಮುದುಕಿಯರು ಎದುರುಬದುರು ಕೂತರು. ಅತ್ತೆ ನೀರನ್ನೂ ಮುಟ್ಟದೆ ಕೇಳಿದರು: “ನನ್ನ ಮಗ ಓಡಿ ಹೋಗಿದ್ದನ್ನ ನೀ ನೋಡೀದಿ ಅಂತ. ಖರೇನ?”

ಪದ್ಮವ್ವ ಬಿರುಕಿನ ಗೋಡೆಯ ಕಡೆ ಒಮ್ಮೆ ನೋಡಿದಳು. ಅವಳು ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅತ್ತೆ ನಗುತ್ತ ಇಳಿಯುತ್ತಿದ್ದರು, ಅಗೆತ ಆ ಗಳಿಗೆಗೇ ನಿಲ್ಲುತ್ತಿತ್ತು, ಅವಳ ಮನೆ ಉಳಿಯುತ್ತಿತ್ತು. ಇದು ನನಗೆ ತಿಳಿದಿತ್ತು, ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತ ಸೊಸೆಗೂ ತಿಳಿದಿತ್ತು.

“ಮುಕಾದಮ ಬಂದು ಹಂಗ ಹೇಳು ಅಂತ ಹೇಳಿ ಹೋಗ್ಯಾನವ್ವಾ,” ಎಂದಳು ಪದ್ಮವ್ವ. “ನಾ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಮನಿ ಉಳೀಲಿ ಅಂತ ಸುಮ್ಮಕಿದ್ನಿ. ಆದ್ರ ಹಡದಾಕಿ ಬಂದು ಕೇಳಿದ ಮ್ಯಾಲೆ ಹೆಂಗ ಸುಳ್ಳ ಆಡ್ಲಿ? ಓಡ್ಲಿಲ್ಲ ನಿನ್ನ ಮಗ. ಗಾಡಿ ಮ್ಯಾಲೇ ಇದ್ದ. ನಾ ಎಮ್ಮಿ ಹೊಡಕೊಂಡು ಅಂಚಿನ್ಯಾಗ ನಿಂತಿದ್ನಿ. ಕಾಲಾಗಿನ ಮಣ್ಣ ಅಳ್ಳಾಡಿದ್ದು ನನಗ ತಿಳೀಲಿಲ್ಲ, ಅವಗ ತಿಳೀತು. ಗಾಡಿ ಬಂದ ಮಾಡಿ ಎದ್ದ ನಿಂತು, ಎರಡೂ ಕೈಲೆ ಹಿಂದ ಸರಿ, ಸರಿ ಅಂತ ಬೀಸಿದ. ನಾ ಸರದೆ. ತಿರುಗಿ ನೋಡೂದ್ರಾಗ ಅಲ್ಲಿ ಗಾಡೀನೂ ಇಲ್ಲ, ಅವನೂ ಇಲ್ಲ.”

ಅತ್ತೆ ಕೂತೇ ಇದ್ದರು. ಅವರು ಚೀರುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದುಕೊಂಡು ನಾನು ಹತ್ತಿರ ಸರಿದೆ. ಹಾಗೇನೂ ಮಾಡಲಿಲ್ಲ. ಎದ್ದು ಗೋಡೆಯ ಬಳಿ ಹೋಗಿ ಬಿರುಕಿನೊಳಗೆ ಕೈ ಹಾಕಿದರು. ಮೊಣಕೈವರೆಗೆ ಹೋಯಿತು.

“ಇದು ಯಾವಾಗಿಂದ?”

“ತಗ್ಯಾಕ ಹತ್ತಿದಾಗಿಂದ. ತಗೀರವ್ವಾ, ಮಗನ ಮಣ್ಣ ಆಗಬೇಕಲ್ಲ. ನಾವು ಹಲಸಿಗೆ ತಂಗಿ ಮನಿಗೆ ಹೋಗಿ ಇರ್ತೇವಿ.”

ಅತ್ತೆ ಕೈ ಹೊರಗೆ ತೆಗೆದು ಬುರ್ಖಾದ ಅಂಚಿಗೆ ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಏನನ್ನೂ ಕೇಳಿದವರಲ್ಲ, ಹೇಳಿ ಮಾಡಿಸಿದವರು. ಈಗ ಕೇಳುತ್ತಿದ್ದರು.

ನಾನು ಇಳಿದು ಹೋದೆ. ಇಸಾಕ ಸಾಹೇಬರೊಂದಿಗೆ ವಾದಕ್ಕೆ ನಿಂತಿದ್ದ. ಪದ್ಮವ್ವ ಹೇಳಿದ್ದನ್ನು ಹೇಳಿದೆ. ಆಮೇಲೆ ಸಾಹೇಬರಿಗೆ, “ಕಲ್ಲ ಹಾಕಿಸ್ರಿ,” ಎಂದೆ.

“ಭಾಭಿ!” ಇಸಾಕ ನನ್ನ ಕೈ ಹಿಡಿದ. “ನೀರ ಹಾಕದ, ಕಫನ್ ಇಲ್ಲದ, ನಮ್ಮ ಕೈಲೆ ಮಣ್ಣ ಕೊಡದ?”

“ಹಿಂದ ಸರಿ ಅಂತ ಕೈ ಬೀಸಿ ಅವರು ಆಕೀನ ಉಳಿಸ್ಯಾರ. ಅವರನ್ನ ತಗ್ಯಾಕ ಹೋಗಿ ಆಕಿ ಮನಿ ಕೆಡವೂದು ಬ್ಯಾಡ. ಮಣ್ಣ ನಾಳೆ ಕೊಡೂಣು. ಇಲ್ಲೇ ಕೊಡೂಣು.”

ನನ್ನ ಗಂಟಲಿನಿಂದ ಬಂದದ್ದು ತರಗತಿಯಲ್ಲಿ ಗದ್ದಲ ನಿಲ್ಲಿಸುವ ದನಿ. ಇಸಾಕ ಕೈ ಬಿಟ್ಟ. ಹಿಡಿದ ರಭಸಕ್ಕೆ ಎರಡು ಬಳೆ ಒಡೆದಿದ್ದವು. ಉಳಿದವನ್ನು ರೈಲಿನಲ್ಲಿ ಅತ್ತೆಯೇ ಒಂದೊಂದಾಗಿ ತೆಗೆದರು. ತೊಡಿಸುವಾಗ ಹಿಸುಕಿದಷ್ಟು ಹಿಸುಕಲಿಲ್ಲ.

ಆಗಸ್ಟ್ 7

ಶುಕ್ರವಾರದ ಜುಮ್ಮಾ ನಮಾಜು ಮುಗಿಸಿ ಹಜರತರು ಬಂದರು. ಮೊದಲು ಗುಡ್ಡ ಹತ್ತಿ ಪದ್ಮವ್ವನ ಮಾತನ್ನು ತಮ್ಮ ಕಿವಿಯಾರೆ ಕೇಳಿದರು. ಬಾವಿಗೆ ಬಿದ್ದು ತೆಗೆಯಲಾಗದವರಿಗೆ ಬಾವಿಯ ದಂಡೆಯ ಮೇಲೆಯೇ ನಮಾಜು ಮಾಡುವುದುಂಟು, ಇದೂ ಹಾಗೆಯೇ ಎಂದರು. ಗಂಡಸರು ಮಣ್ಣಿನ ರಾಶಿಗೆ ಮುಖ ಮಾಡಿ ಸಾಲು ನಿಂತರು. ಸತ್ಯಪ್ಪ ಚಪ್ಪಲಿ ಬಿಟ್ಟು ಕೊನೆಯಲ್ಲಿ ಕೈಕಟ್ಟಿ ನಿಂತ.

ನಮ್ಮಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ. ಆದರೆ ಇದು ಕಬರಸ್ತಾನವೂ ಅಲ್ಲ. ಅತ್ತೆ ಯಾರನ್ನೂ ಕೇಳದೆ ಮುಂದೆ ಹೋಗಿ ಮೂರು ಹಿಡಿ ಮಣ್ಣು ಹಾಕಿದರು. ಹಜರತರು ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದರು, ಪುಣ್ಯಾತ್ಮರು. ನಾನೂ ಹಾಕಿದೆ. ಜಿಗುಟು ಮಣ್ಣು, ಮೂರನೆಯ ಹಿಡಿ ಕೈಬಿಡಲಿಲ್ಲ. ಕೊಡವಿದೆ, ಉಜ್ಜಿದೆ. ಖಾನಾಪುರದ ಹಂಚು, ಗಡಿಗೆ ಎಲ್ಲ ಇದೇ ಮಣ್ಣು. ನಮ್ಮ ನೀರಿನ ಗಡಿಗೆಯೂ ಇದೇ.

ಆಮೇಲೆ ಕಲ್ಲಿನ ಲಾರಿ ಹಿಂದಕ್ಕೆ ಬಂದು ನಿಂತಿತು. ಚಾಲಕ ನಮ್ಮ ಕಡೆ ನೋಡುತ್ತ ಕಾಯುತ್ತಿದ್ದ. ಅತ್ತೆ ತಲೆ ಆಡಿಸಿದರು. ಕಲ್ಲು ಬಿದ್ದ ಸದ್ದು ಬಹಳ ಹೊತ್ತು ಇತ್ತು.

ಹೊರಡುವಾಗ ಹಜರತರು ಇದ್ದತ್ತಿನ ಮಾತು ತೆಗೆದರು. ಅದರ ಎಣಿಕೆ ಇಂದಿನಿಂದಲ್ಲ, ತೀರಿದ ದಿನದಿಂದ. ಆಗಲೇ ಒಂದಿಷ್ಟು ಕಳೆದುಹೋಗಿದೆ ಎಂದರು. ಅಂದರೆ ಗಾದೆಯ ಅರ್ಥ ಹೇಳುವಾಗ, ಉಪ್ಪಿಗೆ ಸಿಟ್ಟಾಗುವಾಗ, ಹಸಿರು ಬಳೆ ತೊಡುವಾಗ ನಾನು ವಿಧವೆಯೇ ಆಗಿದ್ದೆ. ನನಗೆ ಹೇಳುವವರಿರಲಿಲ್ಲ.

ಆಗಸ್ಟ್ 21

ಶಾಲೆಗೆ ದೀರ್ಘ ರಜೆ. ಒಳಗಿದ್ದೇನೆ. ಮೇಲೆ ಇಟ್ಟಿದ್ದ ಅವರ ಬಟ್ಟೆಯನ್ನು ಮಡಚಿ ಟ್ರಂಕಿಗೆ ಹಾಕಿದೆ.

ಇವತ್ತು ಸತ್ಯಪ್ಪ ಬಂದಿದ್ದ. ನಾನು ಹೊರಗೆ ಬರುವ ಹಾಗಿಲ್ಲವೆಂದು ಪರದೆಯ ಆಚೆಯಿಂದಲೇ ಮಾತಾಡಿದ. ಗುಡ್ಡ ನಿಂತಿದೆ. ಕಾಲುವೆಯನ್ನು ಬಾಜೂಕ್ಕೆ ತಿರುಗಿಸಿ ಒಯ್ಯುತ್ತಾರಂತೆ. ಪದ್ಮವ್ವ ಬಿರುಕು ಮೆತ್ತಿದ್ದು ಮತ್ತೆ ಬಾಯಿ ಬಿಟ್ಟಿಲ್ಲ. “ಒಣಗೇತ್ರಿ ವೈನಿ. ಸುಣ್ಣಾನೂ ಹಚ್ಯಾಳ.”

ಪರದೆಯ ಕೆಳಗಿನಿಂದ ಒಂದು ಸಣ್ಣ ಗಡಿಗೆ ಸರಿಸಿದ. ಉಳಿದ ಎಮ್ಮೆಯ ಮಜ್ಜಿಗೆ. ರೋಜಾ ಮುಗಿದಿದೆ, ಈಗ ಕುಡಿಯಲಿ ಎಂದು ಪದ್ಮವ್ವ ಹೇಳಿ ಕಳಿಸಿದ್ದಳಂತೆ.

ಅತ್ತೆಗೆ ಒಂದು ಲೋಟ ಕೊಟ್ಟೆ, ನಾನೊಂದು ಹಿಡಿದೆ. ಒಂದು ಗುಟುಕು ಕುಡಿದು, “ಉಪ್ಪಿಲ್ಲ ಇದರಾಗ,” ಎಂದರು ಅತ್ತೆ. ಡಬ್ಬಿ ತಂದು ಅವರ ಲೋಟಕ್ಕೆ ಒಂದು ಚಿಟಿಕೆ ಹಾಕಿ ನನ್ನದಕ್ಕೂ ಹಾಕಿಕೊಂಡೆ. ಕುಡಿದು ನೋಡಿದೆ. ಇನ್ನೊಂದಿಷ್ಟು ಹಾಕಿದೆ. ಅವರಿಗೆ ಎಷ್ಟು ಬೇಕಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಅಳು ಬಂತು. ಅತ್ತೆ ಲೋಟ ಕೆಳಗಿಟ್ಟು ನನ್ನ ಬೆನ್ನ ಮೇಲೆ ಕೈಯಿಟ್ಟರು. ಕತ್ತಲಾಗುವವರೆಗೂ ತೆಗೆಯಲಿಲ್ಲ.